ದೊಡ್ಡವನ ಹೆಸರು

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಆಮಂತ್ರಣ ಪತ್ರಿಕೆ ಪ್ರಿಂಟ್ ಮಾಡುವ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಉತ್ತರಕ್ರಿಯೆ, ಎಲ್ಲದಕ್ಕೂ ಕಾಗದ ಒಂದೇ, ಬಣ್ಣ ಮಾತ್ರ ಬೇರೆ. ನಾಮಕರಣದ ಪತ್ರಿಕೆ ಮಾಡಿಸಲು ಬರುವವರಲ್ಲಿ ಹೆಚ್ಚಿನವರಿಗೆ ಇನ್ನೂ ಹೆಸರೇ ಸಿಕ್ಕಿರುವುದಿಲ್ಲ. ಅಂಗಡಿಯಲ್ಲಿ ನಿಂತು ಮೊಬೈಲ್ ಉಜ್ಜುತ್ತಾರೆ. ಜೈನರಿಗೆ ಅಷ್ಟು ಕಷ್ಟವಿಲ್ಲ, ತೀರ್ಥಂಕರರ ಹೆಸರುಗಳಿವೆ. ಕ್ರಿಶ್ಚಿಯನ್ನರು ಯಾವುದಾದರೂ ಸಂತನ ಹೆಸರಿನ ಜೊತೆ ಅಜ್ಜನ ಹೆಸರು ಸೇರಿಸಿ ಮುಗಿಸುತ್ತಾರೆ. ಬಂಟರಿಗೆ, ಅಂದರೆ ನಮ್ಮವರಿಗೆ, ಈಗ ಅರ್ಥ ಬೇಕು. ಯಾರೂ ಇಡದ ಹೆಸರಾಗಬೇಕು, ಅರ್ಥ ಸೂರ್ಯನೋ ಗೆಲುವೋ ಆಗಿರಬೇಕು, ಇಂಗ್ಲಿಷಿನಲ್ಲಿ ಬರೆದರೂ ಚೆಂದ ಕಾಣಬೇಕು.

ಇವರ ಅಜ್ಜಂದಿರ ಹೆಸರು ದೂಮಣ್ಣ, ಮುಂಡಪ್ಪ, ಸಂಕಪ್ಪ. ಆ ಅಜ್ಜಂದಿರ ಗದ್ದೆಗೆ ದುಡಿಯಲು ಬರುತ್ತಿದ್ದವರ ಹೆಸರು ಹುಟ್ಟಿದ ವಾರದ್ದು. ಶುಕ್ರವಾರ ಹುಟ್ಟಿದವನು ತುಕ್ರ, ಶನಿವಾರದವನು ತನಿಯ. ಹೆಸರು ಕೇಳಿದರೆ ಯಾರು ಎಲ್ಲಿ ಕೂರಬೇಕು ಎಂಬುದು ಗೊತ್ತಾಗುತ್ತಿತ್ತು. ಅರ್ಥ ಅಷ್ಟೇ ಇದ್ದದ್ದು.

ನನ್ನ ಹೆಸರು ಶ್ರವಣ್. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿಲ್ಲ. ಬೇರೆಯವರ ಮದುವೆಯ ಕಾಗದ ಮಾಡಿ ಮಾಡಿ ನಿನ್ನದು ಮರೆತುಹೋಯಿತಾ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಮರೆತದ್ದಲ್ಲ. ಹುಡುಗಿಯರಿಗೆ ದುಬೈಯವನು ಬೇಕು, ಇಲ್ಲದಿದ್ದರೆ ಮಂಗಳೂರಿನಲ್ಲಿ ಫ್ಲ್ಯಾಟ್ ಇದ್ದವನು. ನನಗಿರುವುದು ವಾಮದಪದವಿನಲ್ಲಿ ಒಂದು ಹೆಂಚಿನ ಮನೆ, ಒಂದು ಬೈಕು, ಅಮ್ಮ. ಅಪ್ಪ ಹೋಗಿ ಬಹಳ ವರ್ಷವಾಯಿತು. ಕಾರಣ ಇಷ್ಟು ಸರಳವಾಗಿದ್ದರೂ ಶಂಭು ಮಾವ ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡಿಸಿ ಬಂದರು. ಮಾವ ಅಮ್ಮನ ಅಣ್ಣ. ನಮ್ಮಲ್ಲಿ ಹೆಸರು, ಮದುವೆ, ಪಾಲು ಎಲ್ಲದರಲ್ಲೂ ಕೊನೆಯ ಮಾತು ಮಾವನದ್ದೇ.

ಜೋಯಿಸರ ಕವಡೆಯಲ್ಲಿ ಕಂಡದ್ದು ನನ್ನ ಅಣ್ಣ. ನನಗಿಂತ ಮೊದಲು ಒಂದು ಗಂಡು ಮಗು ಹುಟ್ಟಿ ನಾಮಕರಣಕ್ಕೆ ಮೊದಲೇ ತೀರಿಕೊಂಡಿತ್ತು. ಅದು ನನಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಸತ್ತವರಿಗೂ ವಯಸ್ಸು ಏರುತ್ತದೆಂದು ನಮ್ಮವರ ನಂಬಿಕೆ. ದೊಡ್ಡವನು ಮದುವೆಯ ಪ್ರಾಯಕ್ಕೆ ಬಂದು ಕಾಯುತ್ತಿದ್ದಾನೆ, ಅವನನ್ನು ಬಿಟ್ಟು ಚಿಕ್ಕವನಿಗೆ ಮಾಡಲು ಹೊರಟರೆ ಬಿಡುತ್ತಾನಾ ಎಂದು ಜೋಯಿಸರು ಕೇಳಿದರಂತೆ. ಹಾಗಾಗಿ ಕುಲೆ ಮದಿಮೆ ಮಾಡಬೇಕು. ಕುಲೆ ಎಂದರೆ ಸತ್ತವರ ಆತ್ಮ. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನು ತಂದು ಧಾರೆ ಎರೆಯುವುದು.

ನಾನು ನಂಬುವುದಿಲ್ಲ ಎಂದೆ. ನಿನ್ನನ್ನು ಯಾರು ಕೇಳಿದರು ಎಂದರು ಮಾವ.

ಸತ್ತ ಹುಡುಗಿಯನ್ನು ಹುಡುಕುವುದು ಬದುಕಿದವಳನ್ನು ಹುಡುಕಿದಷ್ಟೇ ಕಷ್ಟ. ಜಾತಿ ಅದೇ ಆಗಬೇಕು, ಬಳಿ, ಅಂದರೆ ಗೋತ್ರ, ಬೇರೆ ಇರಬೇಕು, ಜಾತಕ ಕೂಡಬೇಕು. ಕೊನೆಗೆ ಅಳದಂಗಡಿಯ ಕಡೆ ಒಬ್ಬಳು ಸಿಕ್ಕಳು. ಸಾತ್ವಿಕಾ ಎಂದು ಹೆಸರು, ಎರಡು ವರ್ಷದವಳಿದ್ದಾಗ ಜ್ವರ ಬಂದು ಹೋದದ್ದು. ಅವಳ ಅಪ್ಪ ಮೊದಲು ಹೊರಗೆಲ್ಲೋ ಹೋಟೆಲ್ ನಡೆಸುತ್ತಿದ್ದವರು, ಈಗ ಊರಿಗೆ ಬಂದಿದ್ದಾರೆ. ಮಾವನೂ ನಾನೂ ಹೋಗಿ ಕೂತೆವು. ಚಾ ಬಂತು, ಚಕ್ಕುಲಿ ಬಂತು. ಸಂಬಂಧದ ಮನೆಯಲ್ಲಿ ಮಾತಾಡುವ ಹಾಗೆಯೇ ಮಾತು. ಅಳಿಯನೆಂದರೆ ಇವನು, ಕುಡಿಯುವುದಿಲ್ಲ, ಕಾರು ಕೇಳುವುದಿಲ್ಲ ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹುಡುಗಿಯ ಅಪ್ಪ ಹುಡುಗನ ಹೆಸರೇನೆಂದು ಕೇಳಿದರು.

ಮಾವ ನನ್ನ ಮುಖ ನೋಡಿದರು.

ನಾಮಕರಣ ಆಗುವ ಮೊದಲೇ ಹೋದದ್ದು, ಹೆಸರಿಲ್ಲ ಎಂದು ಮಾವ ಒಪ್ಪಿಕೊಂಡರು. ಆ ಮನುಷ್ಯ, ಹೆಸರಿಲ್ಲದೆ ಅವನನ್ನು ಧಾರೆಗೆ ಕರೆಯುವುದು ಹೇಗೆ ಎಂದರು. ಧಾರೆಗೆ ಮೊದಲು ಎರಡೂ ಕಡೆಯವರು ತಮ್ಮ ಸತ್ತವರನ್ನು ಹೆಸರು ಹಿಡಿದು ಕರೆದು ಕೂರಿಸಬೇಕು. ನಮ್ಮವಳು ಕರೆದರೆ ಬರುತ್ತಿದ್ದಳು, ಒಲೆ ಹತ್ತಿರ ಇದ್ದರೂ ಓಡಿ ಬರುತ್ತಿದ್ದಳು ಎಂದು ಸೇರಿಸಿದರು. ಅದನ್ನು ಹೇಳುವ ಅಗತ್ಯವಿರಲಿಲ್ಲ. ಹೇಳಿದ ಮೇಲೆ ಅವರೇ ಎದ್ದು ಒಳಗೆ ಹೋದರು.

ವಾಪಸ್ ಬರುವಾಗ ಮಾವ ಕೆಲಸವನ್ನು ನನಗೆ ವಹಿಸಿದರು. "ನಿನ್ನದು ಅದೇ ವ್ಯಾಪಾರ ಅಲ್ಲವಾ ಮಾರಾಯ. ಒಂದು ಒಳ್ಳೆಯದು ನೋಡು. ಈಗಿನ ಕಾಲದ್ದು."

ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು ಫರ್ಹಾನ. ವಿಷಯ ಹೇಳಿದೆ. ಅವಳು ನಗಲಿಲ್ಲ. ಅವಳ ಉಮ್ಮನಿಗೂ ಒಂದು ಮಗು ಹುಟ್ಟಿದ ದಿನವೇ ಹೋಗಿತ್ತಂತೆ. ಅದಕ್ಕೆ ಸ್ನಾನ ಮಾಡಿಸಿ, ಹೆಸರಿಟ್ಟು, ಆಮೇಲೆ ದಫನ ಮಾಡಿದರಂತೆ. ಲೋಕದ ಕೊನೆಯ ದಿನ ಎಲ್ಲರನ್ನೂ ಅವರವರ ಹೆಸರಿನಿಂದಲೇ ಕರೆಯುವುದು, ಹೆಸರಿಲ್ಲದಿದ್ದರೆ ಮಗು ಯಾರ ಹಿಂದೆ ಹೋಗಬೇಕು ಎಂದಳು. ತೀರಿಕೊಂಡ ಆ ಅಣ್ಣನ ಹೆಸರು ಸಾಲಿಹ್. ಮನೆಯಲ್ಲಿ ಮಕ್ಕಳ ಲೆಕ್ಕ ಹೇಳುವಾಗ ಅವನನ್ನೂ ಸೇರಿಸಿಯೇ ಹೇಳುವುದಂತೆ.

ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಅಶ್ವಿತ್ ಎಂಬುದು ಕಣ್ಣಿಗೆ ಬಿತ್ತು. ಗೆಲ್ಲುವವನು ಎಂದು ಅರ್ಥ ಕೊಟ್ಟಿದ್ದರು. ನಿಜವಾಗಿಯೂ ಹಾಗೆ ಅರ್ಥವಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಸತ್ತವನು ಕೇಳಲು ಬರುವುದಿಲ್ಲ.

"ಅಮ್ಮನತ್ರ ಕೇಳಿದ್ರಾ ಶ್ರವಣಣ್ಣ?" ಎಂದಳು ಫರ್ಹಾನ.

ಯಾರೂ ಕೇಳಿರಲಿಲ್ಲ. ಜೋಯಿಸರನ್ನು ಕೇಳಿದ್ದೆವು, ಅಳದಂಗಡಿಯವರನ್ನು ಕೇಳಿದ್ದೆವು.

ಸಂಜೆ ಮನೆಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಎದುರು ಕೂತು ನಾನೂ ಸುಲಿದೆ. ಅಣ್ಣನಿಗೆ ಹೆಸರು ನೋಡುತ್ತಿದ್ದೇವೆ, ಅಶ್ವಿತ್ ಆಗಬಹುದಾ ಎಂದು ಕೇಳಿದೆ.

"ಅವನಿಗೆ ಹೆಸರುಂಟು," ಎಂದಳು.

ಕೈ ನಿಲ್ಲಿಸಲಿಲ್ಲ. ಅವನು ಹುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ಅವಳು ಮಾತಾಡಿದರೆ ಸಾಕು, ಅಳು ನಿಲ್ಲಿಸಿ ಅವಳ ಕಡೆ ತಲೆ ತಿರುಗಿಸುತ್ತಿದ್ದನಂತೆ. ಇವನ ಕಿವಿ ಚುರುಕುಂಟು ಎಂದು ನರ್ಸಮ್ಮ ಹೇಳಿದಳಂತೆ. ಅಮ್ಮ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿತವಳು. ಶ್ರವಣ ಎಂದರೆ ಕೇಳಿಸಿಕೊಳ್ಳುವುದು ಎಂದು ಅವಳಿಗೆ ಗೊತ್ತಿತ್ತು. ದೂಮಣ್ಣ ಎಂದು ಇಡಬೇಕೆಂದು ಮಾವ ಹೇಳಿದ್ದರು, ಅದು ತೀರಿಕೊಂಡ ಅವರ ದೊಡ್ಡ ಮಾವನ ಹೆಸರು. ಅವಳು ಅತ್ತು ಹಠ ಮಾಡಿ ತಾನು ಆರಿಸಿದ ಹೆಸರಿಗೆ ಒಪ್ಪಿಸಿದಳು. ನಾಮಕರಣದ ದಿನದವರೆಗೆ ಕಾಯಲಿಲ್ಲ, ಹಾಲು ಕೊಡುವಾಗಲೆಲ್ಲ ಆ ಹೆಸರಿನಿಂದಲೇ ಕರೆದಳು. ಅವನು ತಿರುಗಿ ನೋಡುತ್ತಿದ್ದ.

"ಮತ್ತೆ ನನಗೆ ಯಾಕೆ ಅದನ್ನೇ ಇಟ್ಟದ್ದು?"

"ನಾನು ಇಟ್ಟದ್ದಲ್ಲ. ನೀನು ಹುಟ್ಟಿದಾಗ ನಿನ್ನ ಮಾವ ಹೇಳಿದ, ಅಂದು ನೀನು ಆಸೆಪಟ್ಟ ಹೆಸರು ಹಾಗೇ ಉಂಟಲ್ಲ, ಖರ್ಚಾಗಲಿಲ್ಲ, ಇವನಿಗೆ ಇಡುವ ಎಂದು. ನನಗೆ ಖುಷಿಯಾಗ್ತದೆ ಅಂತ ಎಣಿಸಿದ. ತೊಟ್ಟಿಲ ಎದುರು ಅಷ್ಟು ಜನ. ಎಂತ ಹೇಳುವುದು?"

ಮಾವನ ಲೆಕ್ಕದಲ್ಲಿ ತಪ್ಪಿಲ್ಲ. ತೊಟ್ಟಿಲಿಗೆ ಹಾಕಿ ಹತ್ತು ಜನರೆದುರು ಕರೆಯದ ಹೆಸರು ಇಟ್ಟ ಹೆಸರಲ್ಲ. ಮಾವ ಕೊಟ್ಟ ಮೇಲೆಯೇ ಅದು ಹೆಸರಾಗುವುದು.

ಆಗ ನನಗೆ ಒಂದು ವಿಷಯ ತಿಳಿಯಿತು. ಅಮ್ಮ ನನ್ನನ್ನು ಮಗ ಎಂದೇ ಕರೆಯುವುದು. ಬೈಯುವಾಗಲೂ ಮಗ, ಜ್ವರ ಬಂದಾಗಲೂ ಮಗ. ಶಾಲೆಯ ಗೇಟಿನಲ್ಲಿ ಬೇರೆ ಅಮ್ಮಂದಿರು ತರುಣ್, ಅಂಕಿತ್ ಎಂದು ಕೂಗುವಾಗ ಅವಳು ಸುಮ್ಮನೆ ಕೈ ಎತ್ತಿ ನಿಂತಿರುತ್ತಿದ್ದಳು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿ ಇಲ್ಲದಿರಲಿಕ್ಕಿಲ್ಲ. ಆದರೆ ಹೆಸರು ಮಾತ್ರ ಅವಳ ಬಾಯಿಯಿಂದ ನನಗೆ ಯಾವತ್ತೂ ಬಂದಿರಲಿಲ್ಲ.

"ಒಮ್ಮೆ ಅವನನ್ನು ಕರೆಯಬೇಕಿತ್ತು," ಎಂದಳು ಅಮ್ಮ. "ಜೋರಾಗಿ. ಎಲ್ಲರೆದುರು. ಅಷ್ಟೇ, ಮತ್ತೆ ಎಂತದೂ ಬೇಡ."

ಮಾರನೆಯ ದಿನ ಮಾವನಿಗೆ ಹೇಳಿದೆ. ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ತಂಗಿಗೆ ಒಳ್ಳೆಯದು ಮಾಡಿದೆನೆಂದು ಇಷ್ಟು ವರ್ಷ ಎಣಿಸಿದ್ದವರು ಅವರು. ಕೊನೆಗೆ, "ಆಗುವುದಿಲ್ಲ," ಎಂದರು. "ಜೀವ ಇದ್ದವನ ಹೆಸರು ಹೇಳಿ ಸತ್ತವಳಿಗೆ ಧಾರೆ ಎರೆಯುವುದಾ? ಕುಲೆಗೆ ನೀನು ಯಾರು ಅವನು ಯಾರು ಅಂತ ಹೇಗೆ ಗೊತ್ತಾಗಬೇಕು? ಆ ಹುಡುಗಿ ನಿನ್ನ ಹಿಂದೆ ಬಂದರೆ?"

ನಂಬದ ನಾನೂ ಅದನ್ನು ಕೇಳಿದ ಮೇಲೆ ಒತ್ತಾಯ ಮಾಡಲಿಲ್ಲ. ಅಶ್ವಿತ್ ಎಂದು ನಿಶ್ಚಯವಾಯಿತು. ಅಮ್ಮ ಆಯಿತು ಎಂದಳು. ಅವಳು ಯಾವಾಗಲೂ ಆಯಿತು ಎಂದೇ ಹೇಳುವುದು.

ಮಾವನೂ ನಾನೂ ಬಿ.ಸಿ.ರೋಡಿಗೆ ಹೋಗಿ ಮದುಮಗನಿಗೆ ಪಂಚೆ, ಶರ್ಟು, ಶಾಲು ತಂದೆವು. ಅಂಗಡಿಯವನು ಸೈಜ್ ಕೇಳಿದ. ಮಾವ ನನ್ನನ್ನು ತೋರಿಸಿದರು. ಅಂಗಡಿಯವನು ನನ್ನ ಭುಜಕ್ಕೆ ಟೇಪ್ ಹಿಡಿದು, ಮದುವೆ ನಿಮ್ಮದಾ ಎಂದ. ಅಣ್ಣನದ್ದು ಎಂದೆ.

ಆಟಿ, ಅಂದರೆ ಆಷಾಢ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯ ಚಾವಡಿಯಲ್ಲಿ ಎರಡು ಕುರ್ಚಿ ಇಟ್ಟರು. ಒಂದರ ಮೇಲೆ ನನ್ನ ಅಳತೆಯ ಬಟ್ಟೆ. ಇನ್ನೊಂದರ ಮೇಲೆ ಸೀರೆ, ರವಿಕೆ, ಬಳೆ, ಜೊತೆಗೆ ಅಂಗೈಯೊಳಗೆ ಅಡಗುವಷ್ಟು ಸಣ್ಣ ಬೆಳ್ಳಿಯ ಕಾಲುಗೆಜ್ಜೆ. ಅದನ್ನು ಅವಳ ಅಮ್ಮ ತಂದದ್ದು. ಸೀರೆ ದೊಡ್ಡವಳದ್ದು, ಗೆಜ್ಜೆ ಮಗುವಿನದ್ದು. ಅಡುಗೆಮನೆಯಲ್ಲಿ ಕೋಳಿ ಬೇಯುತ್ತಿತ್ತು. ಕಲ್ಲಡ್ಕದಿಂದ ಬಂದ ಅತ್ತೆಯೊಬ್ಬರು ಮದುಮಗಳ ಸೀರೆ ಅಗ್ಗದ್ದಾ ಎಂದು ಮೆಲ್ಲಗೆ ಸೆರಗು ಮುಟ್ಟಿ ನೋಡಿದರು.

ನನಗೆ ದೀಪದ ಹತ್ತಿರ, ಅಣ್ಣನ ಕುರ್ಚಿಯ ಪಕ್ಕದಲ್ಲಿ ನಿಲ್ಲಲು ಹೇಳಿದ್ದರು. ತಮ್ಮನಾದವನು ಅಲ್ಲಿ ನಿಲ್ಲಬೇಕಂತೆ.

ಮೊದಲು ಹುಡುಗಿಯ ಅಪ್ಪ ಕರೆದರು. "ಸಾತ್ವಿಕಾ, ಬಾ ಮಗಳೇ, ಕೂತುಕೋ." ಮೂರು ಸಲ. ಮೂರನೆಯದು ಕೇಳಿಸಲಿಲ್ಲ.

ಮಾವ ಗಂಟಲು ಸರಿ ಮಾಡಿಕೊಂಡರು. "ಅಶ್ವಿತ್, ಬಾ ಮಗ, ಕೂತುಕೋ."

"ಅದು ಅವನಲ್ಲ," ಎಂದಳು ಅಮ್ಮ.

ಅಡಿಕೆ ಹೂವಿನ ಹಿಂಗಾರದ ತಟ್ಟೆ ಹಿಡಿದು ಕಂಬದ ಪಕ್ಕ ನಿಂತಿದ್ದವಳು ತಟ್ಟೆಯನ್ನು ನೆಲಕ್ಕಿಟ್ಟು ಮುಂದೆ ಬಂದಳು. ಮಾವ ಅವಳ ಹೆಸರು ಹಿಡಿದು ಶಶಿ ಎಂದರು, ಅಷ್ಟೇ. ಅವಳು ಕುರ್ಚಿಯ ಎದುರು ನಿಂತು, ಮಗುವಿನ ಮುಖ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟಕ್ಕೆ ಬಗ್ಗಿ ಕರೆದಳು.

"ಶ್ರವಣ್."

ಹೆಸರು ಕೇಳಿದರೆ ಓ ಎನ್ನುವುದು ಯೋಚಿಸಿ ಮಾಡುವ ಕೆಲಸವಲ್ಲ. ಬಾಯಿಯವರೆಗೆ ಬಂತು. ನಾನು ತುಟಿ ಕಚ್ಚಿಕೊಂಡೆ. ಅವಳು ಕರೆಯುತ್ತಿದ್ದದ್ದು ನನ್ನನ್ನಲ್ಲ. ನಾನು ಅವಳ ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

"ಶ್ರವಣ್, ಬಾ."

ಚಾವಡಿಯಲ್ಲಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಮಾವ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು. ನಾನು ನೆಲ ನೋಡಿದೆ. ಅವಳು ಮೂರನೆಯ ಸಲ ಕರೆದಳು, ಮೊದಲಿನ ಎರಡಕ್ಕಿಂತ ಜೋರಾಗಿ. ಆಮೇಲೆ ಶರ್ಟಿನ ಕಾಲರ್ ಸರಿ ಮಾಡಿ ಹಿಂದೆ ಸರಿದಳು.

ಮಾವನಿಗೆ ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ. ಹುಡುಗಿಯ ಅಪ್ಪನೇ ತಂಬಿಗೆ ಎತ್ತಿಕೊಂಡರು. "ನಡೆಯಲಿ ಶೆಟ್ರೇ. ಅವನಿಗೆ ಗೊತ್ತಿರುವುದು ಅದೇ ಆದರೆ ಅದೇ ಇರಲಿ."

ಧಾರೆಯ ನೀರು ಬಿತ್ತು. ಸತ್ತವರಿಗೆ ಎಲೆ ಹಾಕಿ ಬಡಿಸಿದರು, ಆಮೇಲೆ ನಮಗೆ. ಕೋಳಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಮಾವ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಪಂಕ್ತಿಯಲ್ಲಿ ಬಡಿಸುತ್ತಾ ಬಂದು, ಇನ್ನೊಂದು ತುಂಡು ಹಾಕಲಾ ಮಗ ಎಂದು ಕೇಳಿದಳು. ಸಾಕು ಎಂದೆ.

ಆಮೇಲೆ ನನಗೆ ಏನೂ ಆಗಲಿಲ್ಲ, ಯಾರೂ ನನ್ನ ಹಿಂದೆ ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಹೆಸರಿನ ಅರ್ಥ ಕೇಳಿದರೆ ಫರ್ಹಾನಳೇ ಹುಡುಕಿ ಹೇಳುತ್ತಾಳೆ.

ಮೊನ್ನೆ ಭಾನುವಾರ ಬೆಳ್ತಂಗಡಿಯ ಮದುವೆ ದಲ್ಲಾಳಿ ಫೋನ್ ಮಾಡಿದರು. ಅಮ್ಮ ಜಗಲಿಯಲ್ಲಿ ನಿಂತು ಮಾತಾಡುತ್ತಿದ್ದಳು, ನಾನು ಬೈಕ್ ತೊಳೆಯುತ್ತಿದ್ದೆ. ಹೊಸದೊಂದು ಸಂಬಂಧವಿದೆ, ನಿಮ್ಮ ಹುಡುಗನಿಗೆ ಇನ್ನೂ ಆಗಲಿಲ್ಲವಲ್ಲ ಎಂದು ಅವರು ಕೇಳಿರಬೇಕು.

"ದೊಡ್ಡವನಿಗೆ ಆಯಿತು," ಎಂದಳು ಅಮ್ಮ. "ಇನ್ನು ಸಣ್ಣವನಿಗೆ ನೋಡುವುದು."

ಅವರು ಮತ್ತೇನೋ ಕೇಳಿದರು. ಅಮ್ಮ ಫೋನನ್ನು ಸೆರಗಿನಿಂದ ಮುಚ್ಚಿ ಹಿಡಿದು ಮೆಟ್ಟಿಲಿಳಿದು ನನ್ನ ಹತ್ತಿರ ಬಂದಳು.

"ಮಗ, ನಿನ್ನ ಹೆಸರು ಕೇಳ್ತಾರೆ. ನೀನೇ ಹೇಳು."

ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು ಹೇಳಿದೆ. ನನ್ನ ಹತ್ತಿರ ಬೇರೆ ಹೆಸರು ಇರಲಿಲ್ಲ. ನಾನು ಹೇಳುವಾಗ ಅಮ್ಮ ಒಳಗೆ ಹೋಗುತ್ತಿದ್ದಳು. ಬಾಗಿಲ ಹತ್ತಿರ ಒಮ್ಮೆ ನಿಂತಳು, ತಿರುಗಲಿಲ್ಲ.