ಹಿಟ್ಟು ಕಲಸುವ ಕೈ

ಡೊಂಬಿವಲಿಯ ಕ್ಲಿನಿಕ್ಕಿನಲ್ಲಿ ನಿಶಾ ಡಾಕ್ಟರು ಬ್ಲೇಡಿನ ಮೊಂಡು ಅಂಚಿನಿಂದ ಪ್ರಫುಲ್ಲಾಳ ಬಲಗೈಯ ಹಿಂಬದಿಯನ್ನು ಕೆರೆದರು. ಎಂಟು ತಿಂಗಳಿಂದ ಅಲ್ಲೊಂದು ಕೆಂಪು ಉಂಗುರ ಮಾಯದೆ ಕೂತಿತ್ತು.

"ಗಜಕರ್ಣವೇ ಅಲ್ವಾ ಡಾಕ್ಟ್ರೇ?" ಎಂದರು ಲಕ್ಷ್ಮೀಕಾಂತ ಮಾವ. "ಎರಡು ಟ್ಯೂಬ್ ಮುಗೀತು. ಊರಿಂದ ಸೀಮೆ ಅಗಸೆ ಸೊಪ್ಪು ತರಿಸಿ ಅರೆದು ಹಚ್ಚಿದ್ದೂ ಆಯ್ತು. ಹೋಟ್ಲಲ್ಲಿ ಇಂಥ ಕೈ ಇಟ್ಕೊಳ್ಳುದು ಹೇಗೆ? ಈ ವಾರ ಇವಳನ್ನು ಊರಿಗೆ ಕಳಿಸುದೇ."

ಪ್ರಫುಲ್ಲಾ ತಲೆ ಎತ್ತಲಿಲ್ಲ. ಕೋಪರಿ ಪೇಟೆಯಲ್ಲಿದ್ದ ಮಾವನ ಹೋಟೆಲಿನಲ್ಲಿ ಸಂಜೆ ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ ಕೈಯಿಂದ ಕಲಸುವುದು ಅವಳ ಕೆಲಸವಾಗಿತ್ತು. ಕೈಯ ಬಿಸಿ ತಾಗಿದರೇ ಹಿಟ್ಟು ಉಬ್ಬಿ ಏಳುವುದು ಎಂದು ಕಲಿಸಿದವರು ಮಾವನೇ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ತನ್ನದೆಂದು ಇದ್ದದ್ದು ಅದೊಂದೇ. ಉಂಗುರ ಕಂಡ ಮೇಲೆ ಅವಳು ಹೊರಗೆ ಟೇಬಲ್ ಒರೆಸುತ್ತಿದ್ದಳು. ಅಡುಗೆಯ ಮೋಹನದಾಸ ಸೌಟಿನಲ್ಲಿ ತಿರುವಿದ ಹಿಟ್ಟು ಈ ಚಳಿಗೆ ಏಳುತ್ತಲೇ ಇರಲಿಲ್ಲ.

"ಖುಜ್ಲಿ, ತುರಿಕೆ ಉಂಟಾ?" ಡಾಕ್ಟರು ಅವಳನ್ನೇ ಕೇಳಿದರು.

"ಇಲ್ಲ."

"ಸ್ವಲ್ಪ ಆದ್ರೂ ಇರ್ತದೆ," ಎಂದರು ಮಾವ.

"ಇಲ್ಲ ಮಾವ." ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿತು. "ಗಜಕರ್ಣ ಹೇಗಿರ್ತದೆ ಅಂತ ನಾನು ನೋಡಿದ್ದೇನೆ. ತುರಿಸ್ತದೆ, ಹೊಟ್ಟು ಉದುರ್ತದೆ, ಒಂದು ಇದ್ದದ್ದು ಮೂರಾಗ್ತದೆ. ನಂದು ನುಣ್ಣಗೆ ಉಂಟು. ಇನ್ನೊಂದು ಆಗ್ಲೇ ಇಲ್ಲ."

"ನೀನೆಲ್ಲಿ ನೋಡಿದ್ದು ಮಾರಾಯ್ತಿ?"

"ಮೋಹನದಾಸಣ್ಣನ ಸೊಂಟದಲ್ಲಿ. ದಿನಾ ಗ್ರೈಂಡರಿನ ಹತ್ತಿರ ನಿಂತು ತುರಿಸಿಕೊಳ್ತಾರೆ."

ಡಾಕ್ಟರು ನಗು ತಡೆದುಕೊಂಡು ಹತ್ತಿಯ ಎಳೆಯಿಂದ ಉಂಗುರದ ನಡುವೆ ಮುಟ್ಟಿದರು.

"ಮುಟ್ಟಿದ್ದು ಗೊತ್ತಾಗ್ತದಾ?"

"ಗೊತ್ತಾಗ್ತದೆ."

ಕೆರೆದದ್ದನ್ನು ಒಳಗೆ ಒಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದರು. "ಫಂಗಸ್ ಇಲ್ಲ. ಮುಟ್ಟಿದ್ದು ಗೊತ್ತಾಗ್ತದೆ, ಹಾಗಾಗಿ ಕುಷ್ಠವೂ ಅಲ್ಲ. ಗೋಲ ಇದ್ದದ್ದೆಲ್ಲ ಗಜಕರ್ಣ ಅಲ್ಲ ಲಕ್ಷ್ಮೀಕಾಂತಣ್ಣ. ಇದಕ್ಕೆ ಗ್ರ್ಯಾನುಲೋಮಾ ಅಂತಾರೆ. ಯಾಕೆ ಬರ್ತದೆ ಅಂತ ನಮಗೂ ಸರಿ ಗೊತ್ತಿಲ್ಲ. ಯಾರಿಗೂ ಹರಡುದಿಲ್ಲ, ಹೆಚ್ಚಾಗಿ ತಾನಾಗಿಯೇ ಹೋಗ್ತದೆ. ನೀವು ಆ ಮೋಹನದಾಸನನ್ನು ನನ್ನ ಹತ್ತಿರ ಕಳಿಸಿ."

ಸಂಜೆ ಮೋಹನದಾಸ ಯಾರ ಮುಖವನ್ನೂ ನೋಡದೆ ಡೊಂಬಿವಲಿಯ ಟ್ರೇನಿಗೆ ಹೊರಟ. ಮಾವ ಹಿಟ್ಟಿನ ದೊಡ್ಡ ಪಾತ್ರೆಯನ್ನು ತಾವೇ ಎಳೆದು ಅವಳ ಮುಂದಿಟ್ಟರು, ಉಪ್ಪಿನ ಡಬ್ಬಿಯನ್ನೂ. ಪ್ರಫುಲ್ಲಾ ಬಳೆ ತೆಗೆದಿಟ್ಟು, ಮೊಣಕೈವರೆಗೆ ತೊಳೆದುಕೊಂಡು, ಕೈ ಇಳಿಸಿದಳು. ಬಿಳಿ ಹಿಟ್ಟು ಉಂಗುರವನ್ನು ಮುಚ್ಚಿತು.

ಬೆಳಿಗ್ಗೆ ಅವಳು ಬರುವಾಗ ಪಾತ್ರೆಯ ಮುಚ್ಚಳ ಓರೆಯಾಗಿತ್ತು. ಅದರಡಿಯಿಂದ ಹಿಟ್ಟು ಉಬ್ಬಿ ಅಂಚು ದಾಟಿ ಇಳಿಯತೊಡಗಿತ್ತು.