ಊರಿಗೆಲ್ಲ ನಾನು ರಕ್ತಸಂಬಂಧಿ

ನಾನು ರಕ್ತಕಣ ಎಣಿಸುವ ಯಂತ್ರ. ಈಗ ಓಡುವುದಿಲ್ಲವಾದ್ದರಿಂದ, ಎಣಿಸುತ್ತಿದ್ದ ಯಂತ್ರ ಎಂದರೆ ಸರಿಯಾದೀತು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟವರು ನನ್ನ ಹೊಟ್ಟೆಯೊಳಗೆ ನಳಿಕೆಗಳನ್ನು ಸುತ್ತಿ, ನಡುವೆ ಒಂದು ತೂತು ಕೊರೆದರು. ಕೂದಲು ತೂರುವುದೂ ಕಷ್ಟ, ಅಷ್ಟು ಸಣ್ಣದು. ನನ್ನ ಬಾಳೆಲ್ಲ ಆ ತೂತಿನಲ್ಲೇ ಸವೆಯಿತು.

ಕೆಲಸ ಹೇಳಿಕೊಳ್ಳಲು ಸರಳ. ಒಂದು ಹನಿ ರಕ್ತವನ್ನು ಉಪ್ಪುನೀರಿನಲ್ಲಿ ತೆಳ್ಳಗೆ ಮಾಡಿ, ಆ ತೂತಿನ ಮೂಲಕ ಎಳೆದುಕೊಳ್ಳಬೇಕು. ಕಣಗಳು ಒಂದೊಂದಾಗಿ ನುಸುಳುವಾಗ ಅಲ್ಲಿ ಹರಿಯುವ ವಿದ್ಯುತ್ತಿಗೆ ಸಣ್ಣದೊಂದು ತಡೆ. ದೊಡ್ಡ ಕಣಕ್ಕೆ ದೊಡ್ಡ ತಡೆ, ಚಿಕ್ಕದಕ್ಕೆ ಚಿಕ್ಕದು. ನನಗೆ ಕಣ್ಣಿಲ್ಲ, ಆದರೂ ಕಣ ಕಾಣುತ್ತದೆ. ಎಷ್ಟು ಕಣ, ಸರಾಸರಿ ಎಷ್ಟು ಗಾತ್ರ, ಗಾತ್ರದಲ್ಲಿ ಏರುಪೇರು ಎಷ್ಟು, ಎಲ್ಲವನ್ನೂ ಸಾಲಾಗಿ ಅಚ್ಚು ಹಾಕಿ ಕೊಡುತ್ತಿದ್ದೆ. ಜನ ಮಾತ್ರ ಹಿಮೋಗ್ಲೋಬಿನ್ನಿನ ಒಂದೇ ಸಾಲು ಓದುತ್ತಿದ್ದರು. "ಎಚ್‌ಬಿ ಎಷ್ಟು?" ಅಷ್ಟೇ. ಉಳಿದ ಸಾಲುಗಳು ಮದುವೆ ಮನೆಯ ಕೊನೆಯ ಪಂಕ್ತಿಯವರಂತೆ, ಕೇಳುವವರಿಲ್ಲ.

ನನ್ನ ಮೊದಲ ಮನೆ ಮಂಗಳೂರಿನ ಒಂದು ಆಸ್ಪತ್ರೆ. "ಇದು ಭಾರೀ ನಾಜೂಕು ಮಾರಾಯ್ರೆ, ಒಟ್ಟಾರೆ ಮುಟ್ಲಿಕ್ಕಿಲ್ಲ" ಎಂದು ಹೇಳಿ ಹೇಳಿ ಎಲ್ಲರೂ ನನ್ನನ್ನು ಮುಟ್ಟಿದರು. ಅಲ್ಲಿನ ಹೃದಯದ ಡಾಕ್ಟರಮ್ಮ ಒಬ್ಬರು ಮಾತ್ರ ಏರುಪೇರಿನ ಸಾಲನ್ನೂ ಓದುತ್ತಿದ್ದರು. ನಿವೃತ್ತ ಅಂಚೆಯವರೊಬ್ಬರ ಕಾಗದ ಹಿಡಿದು, "ಎಚ್‌ಬಿ ಸರಿಯೇ ಉಂಟು. ಆದ್ರೆ ಈ ನಂಬ್ರ ಪ್ರತಿ ಸಲ ಏರ್ತಾ ಉಂಟಲ್ಲ, ಇವರನ್ನು ಸ್ವಲ್ಪ ಹತ್ತಿರದಿಂದ ನೋಡ್ಬೇಕು" ಎಂದರು. ನೋಡಿದರು. ಆದರೂ ಒಂದು ದಿನ ಆ ರಕ್ತ ಬರುವುದು ನಿಂತಿತು. ಕಣಗಳ ಗಾತ್ರ ಚದುರಿತೆಂದರೆ ದೇಹ ಒಳಗೆಲ್ಲೋ ದಣಿದಿದೆ ಎಂದು ಅರ್ಥ. ಯಾವ ರೋಗ ಎಂದು ಹೇಳಲು ನನಗೆ ಬರದು. ದಣಿವನ್ನು ದಣಿದವರು ಗುರುತಿಸುತ್ತಾರೆ, ಅಷ್ಟೇ.

ನನಗಿಂತ ಚುರುಕಾದ ಯಂತ್ರ ಬಂದಾಗ ನನ್ನನ್ನು ಗದಗಿನ ಮುರಿಗೆಪ್ಪನ ಲ್ಯಾಬಿಗೆ ಮಾರಿದರು. ಮುರಿಗೆಪ್ಪ ಬಂದವನೇ ನನ್ನ ಬೆನ್ನ ಮೇಲೆ ಪಟಪಟ ಬಡಿದ. ಕೊಂಡ ಎತ್ತಿಗೆ ಹಾಗೆ ಬಡಿಯುತ್ತಾರಂತೆ. "ಮುದುಕ ಆದ್ರೂ ಗಟ್ಟಿ ಐತಿ, ನೀಲಾ. ಇನ್ನ ಇದು ನಿನ್ನ ಕೂಸು." ನೀಲಾಂಬಿಕಾ ಅವನ ಟೆಕ್ನಿಷಿಯನ್. ಬೆಳಿಗ್ಗೆ ನನ್ನನ್ನು ತೊಳೆಯುವಾಗ ಬೈಯುತ್ತ ತೊಳೆಯುವಳು, ಸಂಜೆ ಮುಚ್ಚುವಾಗ ಮೈ ಒರೆಸಿ ಮುಚ್ಚುವಳು. ಊರಿನ ಅರ್ಧ ಜನ ನನ್ನೊಳಗೆ ಹಾದುಹೋದರು. ಇಷ್ಟು ರಕ್ತಸಂಬಂಧ ಇದ್ದರೂ ಒಬ್ಬರೂ ನನ್ನನ್ನು ಹಬ್ಬಕ್ಕೆ ಕರೆದವರಿಲ್ಲ.

ಒಂದು ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿಯ ಶಂಕ್ರವ್ವ ಬಂದಳು. ಅವಳ ಕಣಗಳು ಜೋಳದ ನುಚ್ಚಿನಷ್ಟು ಸಣ್ಣವು, ಒಂದರಂತೆ ಒಂದಿಲ್ಲ. ಕಬ್ಬಿಣದ ಕೊರತೆ. ಡಾಕ್ಟರು ಗುಳಿಗೆ ಬರೆದು ತಿಂಗಳ ಮೇಲೆ ಮತ್ತೆ ರಕ್ತ ತೋರಿಸಲು ಹೇಳಿದ್ದರು. ಅವರು ಹೇಳಿದ್ದನ್ನು ಶಂಕ್ರವ್ವ ಮೂಗಿನಿಂದಲೇ ಮಾತಾಡುತ್ತ ನೀಲಾಂಬಿಕಾಗೆ ಆಡಿ ತೋರಿಸಿದಳು: "'ಕಣ ದೊಡ್ಡು ಆದ್ರ ಗುಳಿಗಿ ಹತ್ತೇತಿ ಅಂತ ತಿಳಕೊಳ್ಳೂಣು. ಆಗಲಿಲ್ಲಂದ್ರ ಒಳಗ ಎಲ್ಲೋ ರಕ್ತ ಸೋರಾಕತ್ತೇತಿ, ಕರುಳಿಗೆ ಕ್ಯಾಮೆರಾ ಹಾಕಿ ನೋಡಬೇಕು.' ಅಲ್ಲವಾ, ನನ್ನ ಕರುಳೇನು ಮದುವಿ ಮಂಟಪ ಏನು, ಕ್ಯಾಮೆರಾ ತರಾಕ?" ನಕ್ಕಳು. ನಕ್ಕ ಮೇಲೆ ಏದುಸಿರಿಗೆ ಗೋಡೆ ಹಿಡಿದು ನಿಂತಳು.

ತಿಂಗಳು ಕಳೆಯಿತು. ಶಂಕ್ರವ್ವನ ಹೆಸರು ಬರೆದ ರಕ್ತ ಬಂತು. ಎಳೆದುಕೊಂಡೆ. ಕಣಗಳು ತುಂಬು ಗಾತ್ರದವು, ಅಚ್ಚಿನಲ್ಲಿ ಹಾಕಿದಂತೆ ಎಲ್ಲ ಒಂದೇ ಸಮ. ಇದೆಲ್ಲಿಯ ಶಂಕ್ರವ್ವ? ಕೆಂಪುಕಣದ ಆಯುಷ್ಯ ಸುಮಾರು ನಾಲ್ಕು ತಿಂಗಳು. ಗುಳಿಗೆ ಎಷ್ಟೇ ಹತ್ತಲಿ, ಹಳೆಯ ಸಣ್ಣ ಕಣಗಳು ತಿಂಗಳೊಳಗೆ ಎಲ್ಲ ಖಾಲಿಯಾಗಲಾರವು. ಹೊಸತು ಹಳತು ಬೆರೆತು ಏರುಪೇರು ಇನ್ನೂ ಹೆಚ್ಚಾಗಬೇಕಿತ್ತು. ಇಲ್ಲಿ ಏರೂ ಇಲ್ಲ, ಪೇರೂ ಇಲ್ಲ. ನನಗೆ ಬಾಯಿಲ್ಲ. ಕಂಡದ್ದನ್ನು ಅಚ್ಚು ಹಾಕಿದೆ.

ನೀಲಾಂಬಿಕಾ ಹಿಂದಿನ ತಿಂಗಳ ಅಂಕಿಯನ್ನು ಪರದೆಯ ಮೇಲೆ ತಂದು ಹುಬ್ಬು ಗಂಟಿಕ್ಕಿದಳು. "ಮತ್ತ ಮಂಪರು ಬಡೀತೇನೋ ನಿನಗ?" ಎಂದು ನನ್ನನ್ನೇ ಗದರಿ ಇನ್ನೊಮ್ಮೆ ಓಡಿಸಿದಳು. ಅದೇ ಉತ್ತರ. ಯಂತ್ರ ತಾಳೆ ನೋಡಲು ಇಟ್ಟಿರುವ ರಕ್ತವನ್ನು ಹಾಕಿದಳು. ಸರಿಯಾಗಿಯೇ ಹೇಳಿದೆ. ನಂಬಲಿಲ್ಲ. ತನ್ನ ಬೆರಳನ್ನೇ ಚುಚ್ಚಿಕೊಂಡು ಹಾಕಿದಳು. ಅದೂ ಸರಿ.

ಮುರಿಗೆಪ್ಪ ಚಹಾ ಕುಡಿಯುತ್ತ, "ಹೆಚ್ಚಾಗೇತಲ್ಲ, ಕಡಿಮಿ ಆದ್ರ ಚಿಂತಿ ಮಾಡಬೇಕು. ರಿಪೋರ್ಟ್ ಕೊಟ್ಟು ಕಳಸು, ಖುಷಿ ಪಡ್ತಾರ" ಎಂದ.

"ಖುಷಿ ಪಡ್ತಾರ ಖರೆ, ಡಾಕ್ಟರೂ ಖುಷಿಪಟ್ಟು ಕ್ಯಾಮೆರಾ ಬ್ಯಾಡ ಅಂದ್ರ?"

ನೀಲಾಂಬಿಕಾ ಬಾಗಿಲಿಗೆ ಬಂದಳು. ರಿಪೋರ್ಟಿಗಾಗಿ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿದ್ದಳು ರಕ್ತ ಕೊಟ್ಟ ಹೆಂಗಸು.

"ಶಂಕ್ರವ್ವಾರ, ನಡುವ ಎಲ್ಲ್ಯಾರ ರಕ್ತದ ಬಾಟ್ಲಿ ಹಾಕಿಸ್ಕೊಂಡೀರೇನು?"

"ಇಲ್ಲವಾ."

"ಹಂಗಾರ ಇದು ನಿಮ್ಮ ರಕ್ತ ಅಲ್ಲ."

"ಅಯ್ಯ, ನಿನ್ನ ಕಣ್ಣ ಮುಂದ ನನ್ನ ತೋಳಿಂದನ ತಗದಿಯಲ್ಲ!" ಸೆರಗು ಜಾರಿತು. ಮುಖ ಶಂಕ್ರವ್ವನದೇ, ಆದರೆ ಕೆನ್ನೆ ತುಂಬಿದ್ದವು. ಸೆರಗನ್ನು ಮತ್ತೆ ಎಳೆದುಕೊಳ್ಳದೆ ತಾನೇ ಹೇಳಿದಳು. "ನಾ ಫಕೀರವ್ವ, ಅಕಿ ತಂಗಿ. ಅಕ್ಕನ ಮೈಯಾಗ ಇರೋದ ಒಂದ ಗುಟುಕು ರಕ್ತ. ಅದನ್ನೂ ನೀವು ಸೂಜಿ ಹಾಕಿ ಎಳಕೊಂಡ್ರ ಉಳಿಯೋದೇನು? ಅದಕ್ಕ ನಾ ಬಂದೆ. ಒಂದ ಹೊಟ್ಯಾಗ ಹುಟ್ಟೀವಿ, ಒಂದ ರಕ್ತ. ಯಾರದಾದ್ರೇನು?"

"ಹಂಗಂತ ಅಕ್ಕನ ಗುಳಿಗಿನೂ ನೀವ ನುಂಗ್ತೀರೇನು?"

"ಅಕಿ ಮರತ ದಿನ ನುಂಗೇನಿ. ಖಾಲಿ ಹೋಗಬಾರದಲ್ಲ."

ನೀಲಾಂಬಿಕಾಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಫಕೀರವ್ವನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತಳು. ದನಿ ಇಳಿಸಿದಳು. "ಅಕ್ಕಾರ, ಈ ಕಾಗದ ನೋಡಿದ್ರ ಡಾಕ್ಟರು ನಿಮ್ಮಕ್ಕ ಆರಾಮ ಆದಳು ಅಂತಾರ. ಒಳಗ ಸೋರಾಕತ್ತಿದ್ರ ಸೋರಕೋತನ ಇರತೈತಿ. ನೀವು ಅಕಿ ರಕ್ತ ಉಳಿಸಲಿಲ್ಲ. ಅಕಿ ಜಡ್ಡು ಮುಚ್ಚಿಟ್ರಿ."

ಫಕೀರವ್ವ ಎದ್ದು, ಚಪ್ಪಲಿಯನ್ನೂ ಮರೆತು ಬಿಸಿಲಿಗಿಳಿದಳು. ಸ್ವಲ್ಪ ಹೊತ್ತಿಗೆ ಅಕ್ಕನ ರಟ್ಟೆ ಹಿಡಿದು ಕರೆತಂದಳು. ಶಂಕ್ರವ್ವನ ಮೊಣಕೈತನಕ ಜೋಳದ ಹಿಟ್ಟು. "ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಬಂದೇನಿ, ಲಗೂ ಮಾಡ್ರಿ" ಎನ್ನುತ್ತಿದ್ದಳು.

ಆ ರಕ್ತ ನನ್ನೊಳಗೆ ಬಂತು. ಕಣಗಳು ಹಿಂದಿಗಿಂತಲೂ ಸಣ್ಣಗಾಗಿದ್ದವು. ಅಷ್ಟೊಂದು ದಿನಗಳ ಗುಳಿಗೆ ಎಲ್ಲೋ ಸೋರಿಹೋಗಿತ್ತು.

ಕ್ಯಾಮೆರಾ ಹಾಕಿ ನೋಡಿದಾಗ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಇನ್ನೂ ಹರಡಿರಲಿಲ್ಲವಂತೆ. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಶಂಕ್ರವ್ವ ಆಮೇಲೆ ತಂಗಿಯ ಜೊತೆ ರಕ್ತ ತೋರಿಸಲು ಬಂದಾಗ ನಾನು ಅಚ್ಚು ಹಾಕಿದ ಕಾಗದದಲ್ಲಿ ಏರುಪೇರಿನ ಸಾಲಿಗೆ, ಅಂಕಿ ಮಿತಿ ಮೀರಿದಾಗ ನಾನು ಹಾಕುವ ಚುಕ್ಕಿ ಬಿದ್ದಿತ್ತು. ಫಕೀರವ್ವ ಗಾಬರಿಯಾದಳು. "ಮತ್ತ ಚುಕ್ಕಿ ಐತಲ್ಲವಾ!"

"ಹಳೇ ಸಣ್ಣ ಕಣ ಇನ್ನೂ ಅದಾವು, ಹೊಸಾವು ದೊಡ್ಡು ಬರಾಕತ್ತಾವು. ಎರಡೂ ಕೂಡಿದ್ದಕ್ಕ ಹಂಗ. ಈ ಸಲ ಚುಕ್ಕಿ ಚಲೋದ" ಎಂದಳು ನೀಲಾಂಬಿಕಾ.

"ಅಂದ್ರ ನಮ್ಮ ಖಾನಾವಳಿ ರೊಟ್ಟಿ ಇದ್ದಂಗ. ಅಕ್ಕ ಬಡದದ್ದು ಅಗಲ, ನಾ ಬಡದದ್ದು ಗಿಡ್ಡ."

"ನಿನ್ನ ರೊಟ್ಟಿ ಗಿಡ್ಡ ಅಲ್ಲ, ಹರಕ" ಎಂದಳು ಶಂಕ್ರವ್ವ. ಗೋಡೆ ಹಿಡಿಯದೆ ನಕ್ಕಳು.

ಒಂದೇ ಚುಕ್ಕಿ. ಒಬ್ಬರು ಸೊರಗುವಾಗಲೂ ಅದೇ, ಇನ್ನೊಬ್ಬರು ಚೇತರಿಸಿಕೊಳ್ಳುವಾಗಲೂ ಅದೇ. ಇಷ್ಟು ವರ್ಷ ಎಣಿಸಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ಅಂಕಿ ಅರ್ಧ ಮಾತು. ಅದು ಯಾರದು, ಮೊದಲು ಹೇಗಿತ್ತು ಎಂದು ಕೇಳುವವರು ಉಳಿದರ್ಧ ಆಡಬೇಕು.

ಮಳೆಗಾಲಕ್ಕೆ ನನ್ನ ತೂತು ಕಟ್ಟಿಕೊಂಡಿತು. ತೊಳೆದರೂ ಬಿಡಲಿಲ್ಲ. ನನ್ನ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲವಂತೆ. ಹೊಸ ಯಂತ್ರ ಬಂತು, ನನ್ನನ್ನು ಫ್ರಿಜ್ಜಿನ ಪಕ್ಕದ ಮೂಲೆಗೆ ಸರಿಸಿದರು. ಮುರಿಗೆಪ್ಪ ಗುಜರಿಗೆ ಹಾಕೋಣ ಎನ್ನುತ್ತಲೇ ಇದ್ದಾನೆ, ನೀಲಾಂಬಿಕಾ ನಾಳೆ ಎನ್ನುತ್ತಲೇ ಇದ್ದಾಳೆ. ನನಗೆ ಎರಡೂ ಒಂದೇ. ಸಾಕಾಗಿದೆ.

ನಿನ್ನೆ ಮಧ್ಯಾಹ್ನ ಫಕೀರವ್ವ ಬಂದು, "ಅಕ್ಕ ಕಳಿಸ್ಯಾಳ" ಎಂದು ಬಟ್ಟೆಯ ಗಂಟೊಂದನ್ನು ಕೊಟ್ಟು ಹೋದಳು. ಮೇಜಿನ ಮೇಲೆ ಜಾಗವಿರಲಿಲ್ಲ. ನೀಲಾಂಬಿಕಾ ಅದನ್ನು ನನ್ನ ಬೆನ್ನ ಮೇಲಿಟ್ಟಳು. ರಟ್ಟೆಯಿಂದ ನನ್ನೊಳಗೆ ಬರುವ ಹೊತ್ತಿಗೆ ತಣ್ಣಗಾಗಿರುತ್ತಿದ್ದ ರಕ್ತವನ್ನಷ್ಟೇ ಬಲ್ಲವನು ನಾನು. ಇಷ್ಟು ಬಿಸಿಯಾದದ್ದೇನೂ ನನ್ನ ಹತ್ತಿರ ಬಂದಿರಲಿಲ್ಲ. ಬಟ್ಟೆಯೊಳಗೆ ರೊಟ್ಟಿ ಎಷ್ಟಿದ್ದವೋ, ನಾನು ಎಣಿಸಲಿಲ್ಲ.