ಕ್ಲಚ್ಚಿನೊಳಗಿನ ಗಾಳಿ

ಅಣ್ಣನ ಹಳೇ ಟ್ರಕ್ಕಿಗೆ ಕ್ಲಚ್ ಕೂಡಿಸಿದವನು ನಾನು. ಬೇಡ ಎಂದವನು ಅವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಮಾತು ಜಾರಿಸಲು ನನಗೇ ಮನಸ್ಸು ಬಂದೀತು.

ಅಣ್ಣ ಜೇನು ಸಾಕುತ್ತಾನೆ. ಗುಡ್ಡದ ಮೇಲೆ ಹೂ ಬಿಡುವ ಹೊತ್ತಿಗೆ ನೂರಿಪ್ಪತ್ತು ಪೆಟ್ಟಿಗೆಗಳನ್ನು ಟ್ರಕ್ಕಿಗೆ ಹೇರಿಕೊಂಡು ಹತ್ತುತ್ತಾನೆ, ಹೂ ಮುಗಿದ ಮೇಲೆ ಇಳಿಸಿಕೊಂಡು ಬರುತ್ತಾನೆ. ನಾಲ್ಕೂ ಚಕ್ರ ಎಳೆಯದಿದ್ದರೆ ಆ ದಾರಿಯ ಮೊದಲ ತಿರುವಿನಲ್ಲೇ ಗಾಡಿ ಕೂತುಬಿಡುತ್ತದೆ. ಸ್ಟೀರಿಂಗನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ಹುಳ ಕೆರಳದಂತೆ ಗಾಡಿ ಓಡಿಸುವುದು ತನಗೊಬ್ಬನಿಗೇ ಗೊತ್ತು ಎಂಬ ಜಂಬ ಅವನಿಗೆ. ಅದು ನಿಜವೂ ಹೌದು.

ಮೂರು ವರ್ಷದ ಹಿಂದೆ ಅವನು ಮೊದಲಿನ ಗಾಡಿ ಮಾರಿ, ಕ್ಲಚ್ಚೇ ಇಲ್ಲದೆ ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಈ ಟ್ರಕ್ಕನ್ನು ತಂದಾಗ ನಾನು ನನ್ನ ಗ್ಯಾರೇಜಿನ ಬಾಗಿಲಲ್ಲೇ ನಿಂತು ನಕ್ಕಿದ್ದೆ.

"ಗೇರ್ ಹಾಕೋಕೂ ಮೈ ಬಗ್ಗಲ್ವಾ ನಿಂಗೆ?"

"ವಯಸ್ಸಾಯ್ತಲ್ಲೋ," ಎಂದಿದ್ದ. ಅವನಿಗೆ ಆಗ ಐವತ್ತೂ ತುಂಬಿರಲಿಲ್ಲ.

ಈ ವರ್ಷ ಹೂವಿಗೆ ಎರಡು ತಿಂಗಳಿರುವಾಗ ಆ ಗೇರ್‌ಬಾಕ್ಸ್ ಕೈಕೊಟ್ಟಿತು. ಬಿಚ್ಚಿ ನೋಡಿದೆ. ಸುಟ್ಟ ಬಿಲ್ಲೆಗಳನ್ನು ಬದಲಿಸಿದ್ದರೆ ಇನ್ನೂ ನಾಲ್ಕು ವರ್ಷ ಓಡುತ್ತಿತ್ತು. ಅಣ್ಣ ಅದನ್ನೇ ಕೇಳಿದ. "ಇದ್ದದ್ದನ್ನೇ ರಿಪೇರಿ ಮಾಡು ಮಾರಾಯ, ಸಾಕು." ನನ್ನ ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು. ಗುಜರಿಯಲ್ಲಿ ಅದೇ ಮಾದರಿಯ ಟ್ರಕ್ಕೊಂದು ಮಗುಚಿ ಬಿದ್ದಿತ್ತು, ಅದರ ಕೈಗೇರಿನ ಬಾಕ್ಸು ಹೊಸದರಂತಿತ್ತು. ಮುಂದಿನ ಚಕ್ರಗಳಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಅದರ ಬೆನ್ನಿಗೇ ಅಂಟಿಕೊಂಡಿತ್ತು. ಅಂಥ ಜೋಡಿ ಮತ್ತೆ ಸಿಗುತ್ತದೆಯೇ? ಅಣ್ಣನನ್ನು ಕೇಳದೆ ಎತ್ತಿಕೊಂಡು ಬಂದೆ. ಹಳೆಯ ಬಾಕ್ಸನ್ನು ಅದೇ ಗುಜರಿಗೆ ಹಾಕಿದೆ. ಮರುವಾರ ಅದನ್ನು ಕರಗಿಸಿಯೂ ಆಯಿತು.

ಅಣ್ಣ ಬೈಯಲಿಲ್ಲ. ಸುಮ್ಮನೆ ನನ್ನ ಮುಖ ನೋಡಿ, "ನಿನ್ನಿಷ್ಟ," ಎಂದ. ಒಪ್ಪಿದ ಎಂದುಕೊಂಡೆ. ಕತ್ತೆ ನಾನು.

ಐದು ವಾರ ಹಿಡಿಯಿತು. ಹೊಸ ಜೋಡಿ ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ ಇದ್ದುದರಿಂದ ಅದನ್ನು ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿ ಬೆಸೆದೆ. ಹಿಂಚಕ್ರದ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಿದೆ, ಮುಂಚಕ್ರದ್ದನ್ನು ಉದ್ದ ಮಾಡಿಸಿದೆ. ಗೇರ್ ಕಡ್ಡಿ ಮೇಲೆ ಬರಲೆಂದು ಕ್ಯಾಬಿನ್ನಿನ ನೆಲ ಕೊರೆದೆ, ಆತುರದಲ್ಲಿ ಅಂಗೈ ಅಗಲ ಹೆಚ್ಚಾಗಿಯೇ ಕೊರೆದೆ. ಅಣ್ಣ ದಿನಾ ಬಂದು ಕೈಜೋಡಿಸುತ್ತಿದ್ದ. ಎಡಗಾಲಿನ ಚಪ್ಪಲಿ ಪದೇ ಪದೇ ಕಳಚುತ್ತದೆಂದು ಅದನ್ನು ದಾರದಿಂದ ಕಾಲಿಗೆ ಕಟ್ಟಿಕೊಂಡಿದ್ದ. "ಚಪ್ಪಲಿ ಓಡಿಹೋಗುತ್ತೆ ಅಂತ ಕಟ್ಟಿಹಾಕಿದ್ದೀಯಾ?" ಎಂದು ನಗಾಡಿದ್ದೆ. ಅವನೂ ನಕ್ಕಿದ್ದ.

ಕೊನೆಗೆ ಉಳಿದದ್ದು ಕ್ಲಚ್ಚಿನ ಎಣ್ಣೆ ಕೊಳವೆಯಿಂದ ಗಾಳಿ ತೆಗೆಯುವ ಕೆಲಸ. ಒಬ್ಬ ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೆಳಗೆ ಮಲಗಿ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ನಮ್ಮ ಮನೆಯಲ್ಲಿ ಮೇಲೆ ಕೂರುವವನು ಯಾವಾಗಲೂ ಅಣ್ಣ, ಮಲಗುವವನು ನಾನು. ಅಪ್ಪ ನಮಗೆ ಕಲಿಸಿದ್ದು ಹಾಗೆ. ಮೇಲಿನವನು ಹೇಳಿದ್ದನ್ನು ಕೆಳಗಿನವನು ನಂಬಬೇಕು, ಎದ್ದು ಬಂದು ಪರೀಕ್ಷೆ ಮಾಡಬಾರದು. ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ ಯಾರದೋ ಬೆರಳು ಹೋಗುತ್ತದೆ ಎನ್ನುತ್ತಿದ್ದ.

"ಒತ್ತು."

"ಒತ್ತಿದೆ."

"ಬಿಡು."

ಎಷ್ಟು ಸಲ ಮಾಡಿದರೂ ಕೆಳಗೆ ಕ್ಲಚ್ಚನ್ನು ತಳ್ಳುವ ಕಬ್ಬಿಣದ ಕೈ ಅರ್ಧದಷ್ಟೇ ಸರಿಯುತ್ತಿತ್ತು. ಮೊದಲ ದಿನ ಗಾಳಿಯನ್ನು ಬೈದೆ. ಎರಡನೆಯ ದಿನ ರಬ್ಬರ್ ಬಿಲ್ಲೆಗಳನ್ನು ಬದಲಿಸಿದೆ, ಅಂಗಡಿಯವನ ವಂಶವನ್ನೇ ಜಾಲಾಡಿದೆ. ಮೂರನೆಯ ದಿನ ಹೊಸ ಕೊಳವೆಯನ್ನೂ ಹಾಕಿದೆ. ಒಮ್ಮೆ ನಾನೇ ಹತ್ತಿ ಒತ್ತಿ ನೋಡಿದ್ದರೆ ಮುಗಿದುಹೋಗುತ್ತಿತ್ತು. ಅಣ್ಣ "ಒತ್ತಿದೆ" ಅನ್ನುವಾಗ ನಾನು ಯಾಕೆ ನೋಡಲಿ?

"ಪೂರ್ತಿ ಒತ್ತಣ್ಣ!" ಎಂದು ಕಿರುಚಿದೆ. "ಊಟ ಮಾಡಿಲ್ವಾ?"

"ಒತ್ತಿದೆ ಕಣೋ."

ಅವನ ದನಿ ಏದುಸಿರಿನಲ್ಲಿತ್ತು. ಪೆಡಲ್ ಒತ್ತಲು ಯಾರಿಗಾದರೂ ಏದುಸಿರು ಬರುತ್ತದೆಯೇ? ನಾನು ಕೊರೆದಿದ್ದ ದೊಡ್ಡ ತೂತು ತಲೆಯ ಮೇಲೆಯೇ ಇತ್ತು. ಕತ್ತು ಹೊರಳಿಸಿ ನೋಡಿದೆ.

ಅಣ್ಣ ಪ್ಯಾಂಟಿನ ಬಟ್ಟೆ ಹಿಡಿದು ಎಡಗಾಲನ್ನು ಎತ್ತುತ್ತಿದ್ದ. ಮೂಟೆ ಎತ್ತುವ ಹಾಗೆ ಎತ್ತಿ ಪಾದವನ್ನು ಪೆಡಲಿನ ಮೇಲೆ ಇಟ್ಟ. ಆಮೇಲೆ ಎರಡೂ ಅಂಗೈಗಳನ್ನು ಮಂಡಿಯ ಮೇಲೂರಿ, ಹಲ್ಲು ಕಚ್ಚಿ, ಇಡೀ ಮೈಭಾರ ಬಿಟ್ಟು ಅದುಮಿದ. ಪೆಡಲ್ ಅರ್ಧಕ್ಕೆ ಇಳಿದು ನಿಂತಿತು.

"ಒತ್ತಿದೆ," ಎಂದ.

ಸ್ಪ್ಯಾನರ್ ಕೈಯಲ್ಲೇ ಉಳಿಯಿತು. ಎಣ್ಣೆ ಹನಿ ಹನಿಯಾಗಿ ಕತ್ತಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ. "ಬಿಡು" ಎನ್ನಬೇಕು. ಅದೊಂದು ಮಾತು ಬಾಯಿಂದ ಹೊರಡಲೊಲ್ಲದು. ನಾನು ಹೇಳುವವರೆಗೂ ಅವನು ಹಾಗೇ ಅದುಮಿ ಹಿಡಿದಿರುತ್ತಾನೆ ಎಂಬುದು ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು.

"ಬಿಡಣ್ಣ," ಎಂದೆ ತಿರುಪು ಬಿಗಿದು. "ಬಿಟ್ಟುಬಿಡು."

ತೆವಳಿಕೊಂಡು ಹೊರಗೆ ಬಂದೆ. ಅವನು ನನ್ನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡ. ದಾರ ಕಟ್ಟಿದ ಚಪ್ಪಲಿಯನ್ನು ಸೀಟಿನ ಕೆಳಗೆ ಸರಿಸಲು ನೋಡಿದ, ಕಾಲು ಸರಿಯಲಿಲ್ಲ.

"ಎಷ್ಟು ದಿನದಿಂದ?"

"ಮೂರು ವರ್ಷ. ನರ ಒಣಗ್ತಾ ಇದೆಯಂತೆ. ಔಷಧಿ ಇಲ್ಲವಂತೆ. ಬಲಗಾಲಿಗೆ ಸದ್ಯಕ್ಕೆ ಏನೂ ಇಲ್ಲ."

ಬಲಗಾಲೊಂದರಲ್ಲೇ ಓಡಿಸಬಹುದಾದ ಗಾಡಿ. ಅದರ ಹೊಟ್ಟೆ ಬಗೆದು ಕರಗಿಸಲು ಕಳಿಸಿದವನು ನಾನು.

"ಹೇಳಬಾರದಿತ್ತಾ?" ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. "ಬಾಯಿಗೇನು ಬೀಗ ಹಾಕಿತ್ತಾ ನಿಂಗೆ?"

"ಹೇಳಿದರೆ ನೀನು ಓಡಿಸೋಕೆ ಬಿಡ್ತಿದ್ಯಾ?"

ಅವನು ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕದ ಸೀಟಿಗೆ ದಾಟಿಸಿ, ತಾನೂ ಸರಿದು ಕೂತ. "ಹತ್ತು, ನೀನು ಒತ್ತಿ ನೋಡು," ಎಂದ.

ಹತ್ತಿ ಒತ್ತಿದೆ. ಪೆಡಲ್ ಬೆಣ್ಣೆಯಲ್ಲಿ ಇಳಿದಂತೆ ತಳ ಮುಟ್ಟಿತು. ಮೂರು ದಿನದಿಂದ ನಾನು ಹುಡುಕುತ್ತಿದ್ದ ಗಾಳಿ ಅದರಲ್ಲಿ ಇರಲೇ ಇಲ್ಲ. ಅಣ್ಣ ಗೇರ್ ಕಡ್ಡಿಯ ಮೇಲೆ ಕೈಯಿಟ್ಟ. ನಾನು ಒತ್ತಿದಾಗಲೆಲ್ಲ ಅವನು ಗೇರ್ ಬದಲಿಸಿದ. ಗ್ಯಾರೇಜಿನ ಅಂಗಳವನ್ನು ಎರಡು ಸುತ್ತು ಬಂದೆವು. ಆಮೇಲೆ ಟ್ರಾನ್ಸ್‌ಫರ್ ಕೇಸಿನ ಸಣ್ಣ ಕಡ್ಡಿ ಎಳೆದ. ನಾಲ್ಕೂ ಚಕ್ರ ಕಚ್ಚಿ ಹಿಡಿದವು. ಒಂದು ಕರಕರ ಸದ್ದೂ ಇಲ್ಲ. ಇಷ್ಟು ಚೆನ್ನಾಗಿ ನಾನು ಯಾವ ಗಾಡಿಯನ್ನೂ ಮಾಡಿಕೊಟ್ಟಿಲ್ಲ. ಒಂದು ಬೋಲ್ಟಾದರೂ ಮುರಿದುಹೋಗಬಾರದೇ ಎನ್ನಿಸಿತು.

ಗೇಟಿನ ಹತ್ತಿರ ಅತ್ತಿಗೆ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಚಪ್ಪಲಿಯ ದಾರವನ್ನು ದಿನಾ ಬೆಳಗ್ಗೆ ಅವಳೇ ಕಟ್ಟುತ್ತಿದ್ದಳಂತೆ, ನನಗದು ಆಮೇಲೆ ತಿಳಿಯಿತು. ಸ್ಟೀರಿಂಗ್ ಹಿಡಿದ ನನ್ನನ್ನು ನೋಡಿದಳು, ಪಕ್ಕದಲ್ಲಿ ಕೂತ ಅಣ್ಣನನ್ನು ನೋಡಿದಳು.

"ಸರಿ ಆಯ್ತಾ?" ಎಂದು ಕೇಳಿದಳು.

ಅಣ್ಣ ಕಿಟಕಿಯಿಂದ ಕೈಚಾಚಿ ಡಬ್ಬಿ ತೆಗೆದುಕೊಂಡ.

"ಗಾಡಿ ಸರಿ ಆಯ್ತು," ಎಂದ.